ತಲೆಗೆ ಹತ್ತದ ಅಕ್ಷರ

ಕಲಿಕಾ ನ್ಯೂನತೆ ಈಚಿನ ಇಂಗ್ಲಿಷ್ ಮೀಡಿಯಂ ಶಾಲೆಗಳು ತಂದ ಕಾಯಿಲೆ, ಹಿಂದೆ ಇದೆಲ್ಲ ಇರಲಿಲ್ಲ ಎನ್ನುವವರು ಇಂದಿಗೂ ಇದ್ದಾರೆ. ಇತಿಹಾಸ ಬೇರೆಯೇ ಹೇಳುತ್ತದೆ. 1896ರಲ್ಲಿ ಇಂಗ್ಲೆಂಡಿನ ಸೀಫರ್ಡ್‌ನ ವೈದ್ಯ ಪ್ರಿಂಗಲ್ ಮಾರ್ಗನ್ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪರ್ಸಿ ಎಂಬ 14 ವರ್ಷದ ಹುಡುಗನ ಬಗ್ಗೆ ಬರೆದರು. ಹುಡುಗ ಚುರುಕು, ಆಟದಲ್ಲಿ ಓರಗೆಯವರಿಗೆ ಕಡಿಮೆಯಿಲ್ಲ. ಏಳನೇ ವಯಸ್ಸಿನಿಂದ ಶಾಲೆ, ಮನೆಪಾಠ ನಡೆದೇ ಇದ್ದವು. ಆದರೂ ಚಿಕ್ಕ ಚಿಕ್ಕ ಪದಗಳನ್ನು ಕೂಡಿಸಿ ಓದಲು ತಿಣುಕಾಡುತ್ತಿದ್ದ. ತನ್ನ ಹೆಸರನ್ನೇ ‘ಪ್ರೆಸಿ’ ಎಂದು ಬರೆದ. ಅದೇ ಹುಡುಗ 749ನ್ನು 867ರಿಂದ ಬೇಗನೆ, ತಪ್ಪಿಲ್ಲದೆ ಗುಣಿಸಿದ. ಪಾಠವೆಲ್ಲ ಬಾಯಿಮಾತಿನಲ್ಲೇ ಇದ್ದಿದ್ದರೆ ಶಾಲೆಗೆಲ್ಲ ಇವನೇ ಜಾಣನಾಗುತ್ತಿದ್ದ ಎಂಬುದು ಮೇಷ್ಟರ ಅಭಿಪ್ರಾಯ. ಇಂಥ ಮಕ್ಕಳು ಅದಕ್ಕೂ ಮೊದಲು ಯಾರ ಕಣ್ಣಿಗೂ ಬೀಳದಿದ್ದುದಕ್ಕೆ ಕಾರಣವಿದೆ. ಇಂಗ್ಲೆಂಡಿನಲ್ಲಿ ಶಾಲೆ ಕಡ್ಡಾಯವಾದದ್ದೇ 1880ರಲ್ಲಿ. ನಮ್ಮ ಕೂಲಿಮಠಗಳಿಗೂ ಎಲ್ಲ ಮಕ್ಕಳು ಹೋಗುತ್ತಿರಲಿಲ್ಲ. ಓದು ಹತ್ತದವನಿಗೆ ಹೊಲವೋ ಮನೆತನದ ಕಸುಬೋ ಕಾದಿರುತ್ತಿತ್ತು. ತೊಂದರೆ ಆಗಲೂ ಇತ್ತು, ಅದನ್ನು ಅಳೆಯುವ ಪರೀಕ್ಷೆ ಇರಲಿಲ್ಲ.

ವೈದ್ಯರು ಗುರುತಿಸಿದ ಮಾತ್ರಕ್ಕೆ ಮಕ್ಕಳ ಪಾಡು ಬದಲಾಗಲಿಲ್ಲ ಎಂಬುದನ್ನೂ ಹೇಳಬೇಕು. ಬದಲಾಯಿಸಿದವರಲ್ಲಿ ಮುಂದೆ ನಿಂತವರು ಹೆತ್ತವರು. 1963ರಲ್ಲಿ ಶಿಕಾಗೋದಲ್ಲಿ ಸೇರಿದ ತಂದೆತಾಯಂದಿರ ಸಭೆಯಲ್ಲಿ ಮನಶ್ಶಾಸ್ತ್ರಜ್ಞ ಸ್ಯಾಮ್ಯುಯೆಲ್ ಕರ್ಕ್ ಮಾತಾಡಿದರು. ಅವರು ಬಳಸಿದ ‘ಕಲಿಕಾ ನ್ಯೂನತೆ’ ಎಂಬ ಹೆಸರಿನಲ್ಲೇ ಹೆತ್ತವರು ಸಂಘ ಕಟ್ಟಿ ಒತ್ತಡ ತಂದರು. 1975ರಲ್ಲಿ ಅಮೆರಿಕದ ಕಾನೂನು ಈ ಮಕ್ಕಳಿಗೂ ತಕ್ಕ ಶಿಕ್ಷಣವನ್ನು ಉಚಿತವಾಗಿ ಕೊಡಬೇಕೆಂದಿತು. ಭಾರತದ 1995ರ ಅಂಗವಿಕಲರ ಕಾಯ್ದೆಯಲ್ಲಿದ್ದ ಏಳು ಬಗೆಯ ವೈಕಲ್ಯಗಳಲ್ಲಿ ಕಲಿಕಾ ನ್ಯೂನತೆ ಸೇರಿರಲಿಲ್ಲ. 21 ಬಗೆಗಳನ್ನು ಹೆಸರಿಸಿದ 2016ರ ಕಾಯ್ದೆಯಲ್ಲಿ ಕೊನೆಗೂ ಸೇರಿತು. ಎರಡು ದಶಕಗಳ ಆ ನಡುವೆ ಎಷ್ಟೋ ಮಕ್ಕಳು ದಡ್ಡರೆನಿಸಿಕೊಂಡೇ ಶಾಲೆ ಬಿಟ್ಟಿರಬೇಕು. ಅದು ಸಣ್ಣ ಅನ್ಯಾಯವಲ್ಲ.

ಇಂಗ್ಲಿಷಿನ ಅಡ್ಡಾದಿಡ್ಡಿ ಸ್ಪೆಲಿಂಗೇ ಇದಕ್ಕೆಲ್ಲ ಮೂಲ ಎಂಬ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಬರೆದಂತೆಯೇ ಓದುವ ಇಟಾಲಿಯನ್ ಭಾಷೆಯಲ್ಲಿ ಡಿಸ್ಲೆಕ್ಸಿಯಾ ಎಂಬ ಓದಿನ ನ್ಯೂನತೆ ಇರುವವರು ಇಂಗ್ಲಿಷಿನವರಿಗಿಂತ ತಪ್ಪಿಲ್ಲದೆ ಓದುತ್ತಾರೆ. ಆದರೆ ಓದುವಾಗ ಮಿದುಳಿನಲ್ಲಿ ಕಾಣುವ ವ್ಯತ್ಯಾಸ ಇಬ್ಬರಲ್ಲೂ ಒಂದೇ ಎಂದು 2001ರ ಅಧ್ಯಯನವೊಂದು ತೋರಿಸಿತು. ಹಣೆಪಟ್ಟಿ ಹಚ್ಚಿದರೆ ಮಗು ಕುಗ್ಗುತ್ತದೆ ಎಂಬ ಅಳುಕು ಇನ್ನೂ ಸಹಜವಾದದ್ದು. ಆದರೆ ಹಣೆಪಟ್ಟಿ ಆಗಲೇ ಬಿದ್ದಿರುತ್ತದೆ: ಸೋಮಾರಿ, ದಡ್ಡ, ಹಟಮಾರಿ. ಮೂರನೇ ತರಗತಿಗೆ ಬಂದರೂ ನಿಮ್ಮ ಮಗು ಒತ್ತಕ್ಷರದಲ್ಲಿ ಎಡವುತ್ತಲೇ ಇದ್ದರೆ ಬೈಯುವುದನ್ನು ಬಿಟ್ಟು ತಜ್ಞರಿಂದ ಪರೀಕ್ಷೆ ಮಾಡಿಸಿ, ಕಾನೂನು ಕೊಟ್ಟಿರುವ ಅನುಕೂಲಗಳನ್ನು ಶಾಲೆಯಲ್ಲಿ ಕೇಳಿ ಪಡೆಯಿರಿ.