ಆದವಾನಿ ಸೀಮೆಯ ತಾತ್ಕಾಲಿಕ ಉಪಾಧ್ಯಾಯರು

1953ನೆಯ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಉದಯಿಸಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅದಕ್ಕೆ ಸೇರಿದುವು. ಮೊದಲೆರಡು ಕರ್ನೂಲು ಜಿಲ್ಲೆಯ ಪಾಲಾದುವು. ಮಕ್ಕಳ ಮನೆಮಾತು ಮಾತ್ರ ಕನ್ನಡವಾಗಿಯೇ ಉಳಿಯಿತು. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನವನ್ನು ಸೇರಿದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆಂದಿತು. ಆದರೆ ವಿಧಿಯು ಪಾಠ ಹೇಳಲಾರದು. ಅದಕ್ಕೆ ಉಪಾಧ್ಯಾಯರು ಬೇಕು.

ಖಾಯಂ ಹುದ್ದೆಗಳು ತೆರವಾದಲ್ಲೆಲ್ಲ ಶಾಲೆಯನ್ನು ನಡೆಸಿದವರು ತಾತ್ಕಾಲಿಕರು. 1980ರ ದಶಕದಲ್ಲಿ ಆಂಧ್ರಪ್ರದೇಶದಲ್ಲಿ ತಿಂಗಳಿಗೆ 398 ರೂಪಾಯಿಗಳ ಮೇಲೆ ವಿಶೇಷ ಉಪಾಧ್ಯಾಯರು ನೇಮಕಗೊಂಡರು. ಆ ಅವಧಿಯ ವೇತನ ಬಡ್ತಿಗಾಗಿ ಅವರು ಬಹುಕಾಲ ಹೋರಾಡಬೇಕಾಯಿತು. ಮುಂದೆ ವಿದ್ಯಾ ವಾಲಂಟೀರರು ಬಂದರು.

ಕನ್ನಡ ಶಾಲೆಯ ತಾತ್ಕಾಲಿಕರಿಗೆ ಕಷ್ಟ ಇಮ್ಮಡಿ. ನಾವು ಬಲ್ಲ ತರುಣ ಉಪಾಧ್ಯಾಯರೊಬ್ಬರು ಶಿಬಿರದಲ್ಲಿ ತೆಲುಗಿನಲ್ಲಿ ಕೇಳಿದುದನ್ನು ರಾತ್ರಿ ಕುಳಿತು ಕನ್ನಡದಲ್ಲಿ ಬರೆದುಕೊಂಡು ಬೋಧಿಸುತ್ತಿದ್ದರು. ಬೇಸಗೆಗೆ ಸಂಬಳವಿಲ್ಲ, ಜೂನ್ ತಿಂಗಳಲ್ಲಿ ಮತ್ತೆ ಕರೆ ಬರುವ ಭರವಸೆಯಿಲ್ಲ. ಅವರು ಬೇರೆ ಕೆಲಸಕ್ಕೆ ಹೋದರು. ಆ ಟಿಪ್ಪಣಿಗಳೂ ಅವರೊಡನೆ ಹೋದುವು.

ಶಾಲೆಯೊಂದರಲ್ಲಿ ಮಂಜೂರಾದ ಹುದ್ದೆಗಳ ಶೇಕಡ 10ಕ್ಕಿಂತ ಹೆಚ್ಚು ಖಾಲಿ ಇರಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಅದನ್ನು ಕೇಳುವುದು ನಮ್ಮ ಹಕ್ಕು. ಅಲ್ಲಿಯವರೆಗೆ ಪ್ರತಿಯೊಬ್ಬ ತಾತ್ಕಾಲಿಕರಿಗೂ ಒಬ್ಬ ಹಿರಿಯ ಉಪಾಧ್ಯಾಯರನ್ನು ಜೊತೆಗೊಡುವುದು, ಅವರ ಟಿಪ್ಪಣಿಗಳ ಪ್ರತಿಯನ್ನು ಶಾಲೆಯಲ್ಲಿ ಕಾದಿಡುವುದು, ಬಿಟ್ಟುಹೋಗುವಾಗ ಸೇವಾಪತ್ರ ನೀಡುವುದು ಮುಖ್ಯೋಪಾಧ್ಯಾಯರಾದ ನಮ್ಮ ಕೈಯಲ್ಲೇ ಇವೆ. ಸಹೋದ್ಯೋಗಿಗಳು ಇದನ್ನು ಪರಾಂಬರಿಸಬೇಕಾಗಿ ಕೋರುತ್ತೇವೆ.