ಕಾಲೇಜಿನ ಆವರಣ ಮತ್ತು ಬಂದೂಕಿನ ಲೈಸೆನ್ಸು: ರಾಯಚೂರು ಜಿಲ್ಲೆಯ ನೆಲೆಯಿಂದ

ಲೈಸೆನ್ಸ್ ಇದ್ದವರು ಪಿಸ್ತೂಲನ್ನು ಬಟ್ಟೆಯೊಳಗೆ ಮರೆಮಾಡಿಕೊಂಡು ವಿಶ್ವವಿದ್ಯಾಲಯಕ್ಕೆ ಬರಬಹುದೆಂಬ ಟೆಕ್ಸಸ್ ಕಾಯ್ದೆ 2016ರ ಆಗಸ್ಟ್ 1ರಂದು ಜಾರಿಗೆ ಬಂತು. ಐವತ್ತು ವರ್ಷ ಹಿಂದೆ ಅದೇ ದಿನ, ಆಸ್ಟಿನ್‌ನ ವಿಶ್ವವಿದ್ಯಾಲಯದ ಗೋಪುರ ಹತ್ತಿ ಚಾರ್ಲ್ಸ್ ವಿಟ್ಮನ್ ಕಂಡಕಂಡವರ ಮೇಲೆ ಗುಂಡು ಹಾರಿಸಿದ್ದ. ಬಂದೂಕು ಕೂತ ತರಗತಿಯಲ್ಲಿ ಬಾಯಿಬಿಟ್ಟು ಚರ್ಚಿಸುವುದು ಹೇಗೆ ಎಂದು ಮೂವರು ಪ್ರಾಧ್ಯಾಪಕಿಯರು ಕೋರ್ಟಿಗೆ ಹೋದರು; 2018ರಲ್ಲಿ ಮೇಲ್ಮನವಿಯಲ್ಲೂ ಸೋತರು.

ರಾಯಚೂರಿನಲ್ಲಿ ಈ ವಾದ ಎದ್ದದ್ದೇ ಇಲ್ಲ. ಏಳುವ ಸಂದರ್ಭಕ್ಕೆ ಮೊದಲೇ ಲೈಸೆನ್ಸಿನ ಷರತ್ತು ಅದನ್ನು ಮುಗಿಸಿಬಿಟ್ಟಿದೆ.

ದೇವದುರ್ಗದ ಅಥವಾ ಮಾನ್ವಿಯ ರೈತನಿಗೆ ಬಂದೂಕು ಬೇಕಾದರೆ ಅರ್ಜಿ ರಾಯಚೂರಿನ ಜಿಲ್ಲಾಧಿಕಾರಿ ಕಚೇರಿಗೆ ಬರಬೇಕು, ಪೊಲೀಸ್ ವರದಿ ಆಗಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆ ಬೆಳೆ ಕಾಯುವ ನಳಿಗೆ ತುಂಬುವ ಬಂದೂಕಿಗೆ ತುಸು ಮೃದು, ಪಿಸ್ತೂಲಿಗೆ ಬಿಗಿ. ಕೈಗೆ ಬಂದ ಲೈಸೆನ್ಸಿನಲ್ಲಿ ಒಂದು ಷರತ್ತು: ವಿಶೇಷ ಅನುಮತಿಯಿಲ್ಲದೆ ಆಯುಧವನ್ನು ಜಾತ್ರೆಗಾಗಲಿ, ಧಾರ್ಮಿಕ ಮೆರವಣಿಗೆಗಾಗಲಿ, ಶಿಕ್ಷಣ ಸಂಸ್ಥೆಯ ಆವರಣದೊಳಗಾಗಲಿ ಒಯ್ಯುವಂತಿಲ್ಲ. ಜಾತ್ರೆಯನ್ನೂ ಕಾಲೇಜನ್ನೂ ಒಂದೇ ಸಾಲಿನಲ್ಲಿ ಕೂರಿಸಿದ ಈ ಬುದ್ಧಿ ಮೆಚ್ಚತಕ್ಕದ್ದು. ಎರಡೂ ಕಡೆ ಬಿಸಿರಕ್ತ, ನೂಕುನುಗ್ಗಲು.

ಇನ್ನೂ ಕುತೂಹಲದ ಸಂಗತಿ ಬೇರೆ ಇದೆ. ನಮ್ಮ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಆಯುಧ ಪೂರ್ತಿ ಮುಚ್ಚಿಕೊಂಡಿರಬೇಕು, ಝಳಪಿಸುವಂತಿಲ್ಲ. ಅಮೆರಿಕದಲ್ಲಿ ಮರೆಮಾಚುವುದು ಹಕ್ಕಿನ ಮಾತಾದರೆ ಇಲ್ಲಿ ಅದು ಶಿಸ್ತಿನ ಮಾತು. ಹಾಗಾಗಿ ಕಾಲೇಜಿನ ಗೇಟಿನಲ್ಲಿ ಕಾಣುವ ಬಂದೂಕು, ಕಾಣದ ಬಂದೂಕು ಎಂಬ ಭೇದ ಉಳಿಯುವುದಿಲ್ಲ. ಇಪ್ಪತ್ತೊಂದು ತುಂಬದವರಿಗೆ ಲೈಸೆನ್ಸೇ ಇಲ್ಲವಾದ್ದರಿಂದ ಪದವಿ ವಿದ್ಯಾರ್ಥಿಗಳಲ್ಲಿ ಬಹುಪಾಲು ಲೆಕ್ಕದಿಂದ ಹೊರಗೆ.

ಲೈಸೆನ್ಸಿಲ್ಲದೆ ಬಂದೂಕು ಇಟ್ಟುಕೊಳ್ಳಲು ಕೊಡಗಿನವರಿಗಿರುವ ವಿಶೇಷ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿದಿದೆ. ಬಂದೂಕಿನ ಇತಿಹಾಸ ರಾಯಚೂರಿಗೂ ಕಡಿಮೆಯಿಲ್ಲ: 1520ರಲ್ಲಿ ಕೃಷ್ಣದೇವರಾಯನ ಪರವಾಗಿ ಪೋರ್ಚುಗೀಸ್ ಕೋವಿಗಾರರು ಈ ಕೋಟೆಯ ಮೇಲಿದ್ದ ಕಾವಲಿನವರಿಗೆ ಗುರಿಯಿಟ್ಟಿದ್ದರು. ಆ ಇತಿಹಾಸ ಇಲ್ಲಿ ಯಾರಿಗೂ ವಿನಾಯಿತಿ ತಂದುಕೊಟ್ಟಿಲ್ಲ.

ಷರತ್ತಿನ ಮಿತಿಯೂ ಸ್ಪಷ್ಟ. ಅದು ಲೈಸೆನ್ಸ್ ಪಡೆದವನನ್ನು ಮಾತ್ರ ಕಟ್ಟಿಹಾಕುತ್ತದೆ. ಭೀಮಾ ತೀರದ ಕುಖ್ಯಾತ ಕಂಟ್ರಿ ಪಿಸ್ತೂಲಿಗೆ ಷರತ್ತೇ ಇಲ್ಲ. ಚುನಾವಣೆ ಬಂದಾಗ ಠಾಣೆಗೆ ಜಮಾ ಆಗುವುದೂ ಲೈಸೆನ್ಸಿನ ಬಂದೂಕುಗಳೇ. ಟೆಕ್ಸಸ್ ಪರವಾದಿಗಳ ಮುಖ್ಯ ವಾದವೂ ಇದೇ: ನಿಯಮ ಸಜ್ಜನರನ್ನಷ್ಟೇ ನಿರಾಯುಧರನ್ನಾಗಿಸುತ್ತದೆ. ವಾದದಲ್ಲಿ ಸತ್ಯಾಂಶವಿದೆ. ಆದರೆ ಅದರಿಂದ ಉಪನ್ಯಾಸಕರ ಸೊಂಟಕ್ಕೂ ಪಿಸ್ತೂಲು ಕಟ್ಟಬೇಕೆಂಬ ತೀರ್ಮಾನ ಹುಟ್ಟುವುದಿಲ್ಲ. ಕಳ್ಳ ಪಿಸ್ತೂಲು ಹಿಡಿಯುವ ಪೊಲೀಸ್ ಕೆಲಸ ಚುರುಕಾಗಬೇಕು ಎಂಬುದಷ್ಟೇ ಹುಟ್ಟುತ್ತದೆ.

ಹಾಗೆಂದು ನಮ್ಮ ಕಾಲೇಜುಗಳು ಬಂದೂಕನ್ನೇ ಕಾಣದವಲ್ಲ. ಕರ್ತವ್ಯದಲ್ಲಿರುವ ಎನ್‌ಸಿಸಿ ಕೆಡೆಟ್‌ಗೆ 45ನೇ ಕಲಮಿನ ಪ್ರಕಾರ ಶಸ್ತ್ರಾಸ್ತ್ರ ಕಾಯ್ದೆಯೇ ಅನ್ವಯಿಸದು. ವಾರ್ಷಿಕೋತ್ಸವದ ವೇದಿಕೆಗೆ ಮಂತ್ರಿಗಳ ಹಿಂದೆ ಬರುವ ಗನ್‌ಮ್ಯಾನ್ ಕೂಡ ಸರ್ಕಾರಿ ಕರ್ತವ್ಯದ ಹೆಸರಿನಲ್ಲಿ ಅದೇ ಕಲಮಿನ ನೆರಳಿನಲ್ಲಿರುತ್ತಾನೆ. ಮುಖಂಡರ ಖಾಸಗಿ ಅಂಗರಕ್ಷಕನಿಗೆ ಆ ರಕ್ಷಣೆಯಿಲ್ಲ. ಅವನನ್ನು ಗೇಟಿನಲ್ಲಿ ತಡೆದು ಅನುಮತಿ ಪತ್ರ ಕೇಳುವ ಅಧಿಕಾರವನ್ನು ಪ್ರಾಂಶುಪಾಲರು ಕಾವಲುಗಾರನಿಗೆ ಬರೆದುಕೊಡಬೇಕಾಗುತ್ತದೆ.