ಊರು ಮುಂದೆ, ಪದವಿ ಹಿಂದೆ: ಕರಾವಳಿಯ ಅಡ್ಡಹೆಸರುಗಳ ಅಧ್ಯಯನ

ಕಲೂರ್ ಡೆನ್ನಿಸ್ ಕೊಚ್ಚಿಯ ಚಿತ್ರಕಥೆಗಾರರು. ಪಟ್ಟಂ ತಾಣು ಪಿಳ್ಳೆ 1960ರಲ್ಲಿ ಕೇರಳದ ಮುಖ್ಯಮಂತ್ರಿಯಾದವರು. ಕಲೂರ್ ಕೊಚ್ಚಿಯ ಬಡಾವಣೆ, ಪಟ್ಟಂ ತಿರುವನಂತಪುರದ್ದು. ಕೋಟ ಶಿವರಾಮ ಕಾರಂತ, ಕಯ್ಯಾರ ಕಿಞ್ಞಣ್ಣ ರೈ ಎಂದು ಕರೆದು ರೂಢಿಯಿರುವ ನಮಗೆ ಈ ಜೋಡಣೆ ಅಪರಿಚಿತವಲ್ಲ. ಆದರೆ ಇವುಗಳಲ್ಲಿ ಅಡ್ಡಹೆಸರು ಯಾವುದು, ಮುಂದಿನದೋ ಹಿಂದಿನದೋ? ಸಂಶೋಧಕರು ಈ ಗಂಟನ್ನು ನಿಧಾನವಾಗಿ ಬಿಡಿಸಿದರು.

ಹಳೆಯ ಸಾಕ್ಷ್ಯವೊಂದು ಕೊಚ್ಚಿಯದೇ. ಡಚ್ ಅಧಿಕಾರಿ ವಾನ್ ರೀಡ್ ಮಾಡಿಸಿದ, 1678ರಿಂದ ಆಂಸ್ಟರ್‌ಡ್ಯಾಮಿನಲ್ಲಿ ಅಚ್ಚಾದ ಸಸ್ಯಗ್ರಂಥ ‘ಹೋರ್ಟಸ್ ಮಲಬಾರಿಕಸ್’ನಲ್ಲಿ ಸ್ಥಳೀಯ ವೈದ್ಯರ ದೃಢೀಕರಣ ಪತ್ರಗಳಿವೆ, ಅವು 1675ರವು. ಕೊಂಕಣಿ ವೈದ್ಯರು ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್. ಮಲಯಾಳಿ ವೈದ್ಯ ಇಟ್ಟಿ ಅಚ್ಚುದನ್ ಮಾತ್ರ ತನ್ನ ಊರನ್ನೂ ಮನೆಯನ್ನೂ ಹೇಳಿಯೇ ಪರಿಚಯ ಮಾಡಿಕೊಳ್ಳುತ್ತಾನೆ. ಒಂದೇ ಪುಸ್ತಕದಲ್ಲಿ ಎರಡು ಪದ್ಧತಿ!

ವಸಾಹತು ಕಾಲದವರಿಗೆ ಈ ಸೂಕ್ಷ್ಮ ಬೇಕಿರಲಿಲ್ಲ. ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಕುರಿತ ಥರ್ಸ್ಟನ್ನನ ಏಳು ಸಂಪುಟಗಳು (1909), ಅದೇ ವರ್ಷ ಹೊರಬರತೊಡಗಿದ ಅನಂತಕೃಷ್ಣ ಅಯ್ಯರ್ ಅವರ ಕೊಚ್ಚಿ ಸಂಸ್ಥಾನದ ಜಾತಿಗಳ ಗ್ರಂಥ, ಎರಡೂ ಮಾಹಿತಿಯ ಕಣಜಗಳೇ ಸರಿ. ಆದರೂ ಅವುಗಳ ಚೌಕಟ್ಟು ಜಾತಿಯದು. ಹೆಸರು ಅದರೊಳಗಿನ ಚೀಟಿ.

ತಿರುವು ಬಂದದ್ದು 1970ರ ದಶಕದಲ್ಲಿ. ವಿ. ಎನ್. ಕುಡ್ವ ಅವರು ಗೋವೆ ಮೂಲದ, ಕೊಂಕಣಿ ಮಾತಾಡುವ ದಾಕ್ಷಿಣಾತ್ಯ ಸಾರಸ್ವತರ ಚರಿತ್ರೆ ಬರೆದರು. 1977ರಲ್ಲಿ ಅಮೆರಿಕದ ಇತಿಹಾಸಕಾರ ಫ್ರಾಂಕ್ ಕಾನ್ಲನ್ ಅವರದೇ ಒಂದು ಶಾಖೆಯಾದ ಚಿತ್ರಾಪುರ ಸಾರಸ್ವತರ ಕುರಿತ ಗ್ರಂಥ ತಂದರು. ಇಂಥ ಚರಿತ್ರೆಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಚಿತ್ರ ತಿಳಿಯಾಗುತ್ತದೆ. ಗೋವೆಯಲ್ಲಿ ಉಳಿದವರು ಊರಿಗೆ ‘ಕರ್’ ಸೇರಿಸಿಕೊಂಡರು: ಶೆಣೈ ಗೋಂಯ್‌ಬಾಬ್ ಎಂದು ಪ್ರಸಿದ್ಧರಾದ ಕೊಂಕಣಿ ಲೇಖಕರು ಕಾಗದಪತ್ರದಲ್ಲಿ ವಾಲಾವಲಿಕರ್. ಚಿತ್ರಾಪುರದವರು ಬರಿಯ ಊರನ್ನೇ ಇಟ್ಟುಕೊಂಡರು: ಕಾರ್ನಾಡ್, ಬೆನಗಲ್, ಪಡುಕೋಣೆ, ಮುಂಡ್ಕೂರ್. ಮಂಗಳೂರಿಂದ ಕೊಚ್ಚಿಯ ಮಟ್ಟಾಂಚೇರಿವರೆಗೆ ಹರಡಿದ ಗೌಡ ಸಾರಸ್ವತರಲ್ಲಿ ಪೈ, ಶೆಣೈ, ಕಾಮತ್, ಪ್ರಭು ಎಂಬ, ಊರು ಹೇಳದ ಹೆಸರುಗಳು ನಿಂತವು. ಹಾಗಾಗಿ ಮಂಜೇಶ್ವರದ ಗೋವಿಂದ ಪೈಗಳಿಗೂ ಕೊಚ್ಚಿಯ ಪೈಗಳಿಗೂ ನಂಟಿದೆಯೇ ಎಂದು ಕೇಳುವವರು ಅಡ್ಡಹೆಸರನ್ನು ನಂಬಿ ಕೂರಬಾರದು. ಗೋತ್ರ, ಗೋವೆಯ ಕುಲದೇವರು ಕೇಳಬೇಕು. ಮದುವೆ ಕುದುರಿಸುವ ಹಿರಿಯರು ಇದನ್ನು ಯಾವ ವಿದ್ವಾಂಸರಿಗೂ ಕಾಯದೆ ಮಾಡಿಕೊಂಡು ಬಂದಿದ್ದಾರೆ.

ಕನ್ನಡದಲ್ಲಿ ಎಂ. ಎಂ. ಕಲಬುರ್ಗಿಯವರ ‘ಕನ್ನಡ ನಾಮವಿಜ್ಞಾನ’ ಈ ವಿಷಯಕ್ಕೆ ಶಾಸ್ತ್ರದ ಶಿಸ್ತು ತಂದಿತು. (ಅವರ ಅಡ್ಡಹೆಸರೂ ಒಂದು ಊರೇ.)

ಸಂಖ್ಯೆಯ ಮಾತಿಗೆ ಬಂದರೆ ನೆಲ ಗಟ್ಟಿಯಿಲ್ಲ. ಜನಗಣತಿ ಅಡ್ಡಹೆಸರುಗಳ ಪಟ್ಟಿ ಪ್ರಕಟಿಸುವುದಿಲ್ಲ. 1931ರ ಜಾತಿ ಲೆಕ್ಕ, ಆಮೇಲಿನ ಮಾತೃಭಾಷೆಯ ಲೆಕ್ಕ ಇವೆರಡರಿಂದ ಪೈಗಳೆಷ್ಟು ಎಂದು ಹೇಳಲಾಗದು. ಒಂದೊಂದು ಹೆಸರಿಗೂ ಜಗತ್ತಿನಾದ್ಯಂತ ಇಷ್ಟು ಜನ ಎಂದು ಅಂತರ್ಜಾಲದಲ್ಲಿ ಓಡಾಡುವ ಅಂಕಿಗಳು ಅಂದಾಜುಗಳು. ಕೇರಳದಲ್ಲಂತೂ ಅವು ಇನ್ನಷ್ಟು ಎಡವುತ್ತವೆ, ಏಕೆಂದರೆ ಮನೆಹೆಸರು ‘ಕೆ.’ ಎಂಬ ಒಂದಕ್ಷರವಾಗಿ ಮುದುಡಿರುತ್ತದೆ. ಎಣಿಸಲೇಬೇಕೆಂದರೆ ಅಲ್ಲಿನ ಮತದಾರರ ಪಟ್ಟಿ ಹಿಡಿಯುವುದು ಮೇಲು. ಅದರಲ್ಲಿ ವ್ಯಕ್ತಿಯ ಹೆಸರಿನ ಜೊತೆಗೆ ಮನೆಹೆಸರೂ ಪೂರ್ತಿಯಾಗಿ ಅಚ್ಚಾಗಿರುತ್ತದೆ.